ಮೂಲೆಯ ಕಪ್ಪು

ಗಂಗಾಂಬಿಕಾಗೆ ಗಂಟಲಿನ ಆಪರೇಷನ್ ಆಗಿ ಎರಡು ವರ್ಷ. ಜೀವ ಉಳಿಯಿತು, ದನಿ ಹೋಯಿತು. ಚಿತ್ತವಾಡ್ಗಿಯ ಒಂದು ಕೋಣೆಯಲ್ಲಿ ಬ್ಲೌಸು ಹೊಲಿದುಕೊಂಡಿದ್ದ ಆಕೆ ಫೋನನ್ನೂ ಯಾರಿಗೋ ಕೊಟ್ಟುಬಿಟ್ಟಳು. ಮಾತೇ ಬಾರದವಳಿಗೆ ಅದೇಕೆ? ಮೊದಲ ತಿಂಗಳು ಬಂದುಹೋದ ಬಂಧುಗಳು ಆಮೇಲೆ ಇತ್ತ ತಲೆ ಹಾಕಲಿಲ್ಲ. ಮೂಕಿಯ ಮುಂದೆ ಎಷ್ಟು ಹೊತ್ತು ಕೂರುವುದು ಅಂತ ಬೇಸರ ಬಂದಿರಬೇಕು, ಪುಣ್ಯಾತ್ಮರಿಗೆ!

ಆಕೆಯನ್ನು ಉಳಿಸಿದ್ದು ಅಂಚೆ ಕಾರ್ಡು. ದೋಣಿಮಲೈ ಗಣಿಯಲ್ಲಿರುವ ಚಿಕ್ಕಪ್ಪನ ಮಗ ತಿಪ್ಪೇಶ್, ತನ್ನ ಜತೆ ಕೆಲಸ ಮಾಡುವ ಮನೋಹರರ ಕಾರ್ಡಿನ ಬಳಗಕ್ಕೆ ಆಕೆಯನ್ನು ಸೇರಿಸಿದ್ದ. ಕಾರ್ಡಿನ ಮೇಲೆ ಚಿತ್ರ ಬರೆದು, ಬಟ್ಟೆಯ ಚೂರು ಅಂಟಿಸಿ, ಮುಖ ನೋಡದವರಿಗೆ ಕಳಿಸುವುದು. ಅವರೂ ಒಂದು ಮಾಡಿ ಕಳಿಸುವುದು. ಒಬ್ಬೊಬ್ಬರದು ಒಂದೊಂದು ಗುರುತು. ಗಂಗಾಂಬಿಕಾಳದು ಮೂಲೆಯಲ್ಲಿ ಕಪ್ಪು ಮಸಿಯ ಹೆಬ್ಬೆಟ್ಟು. ಕಾರ್ಡು ಬಂದ ದಿನ ಮನೆಗೆ ಯಾರೋ ಬಂದರೆಂಬಂತೆ ಎರಡು ಲೋಟ ಚಹಾ ಮಾಡುತ್ತಿದ್ದಳು.

ಈಗ ಬಳಗದಲ್ಲಿ ಉಳಿದವರು ಮೂವರೇ. ಯುಗಾದಿಯೊಳಗೆ ಒಬ್ಬರಾದರೂ ಹೊಸಬರು ಬರದಿದ್ದರೆ ಬಳಗ ಮುಚ್ಚುತ್ತೇನೆಂದು ಮನೋಹರ್ ಬರೆದರು.

ಗಂಗಾಂಬಿಕಾ ಆ ಕಾರ್ಡನ್ನು ಮತ್ತೆ ಮತ್ತೆ ಓದಿದಳು. ಇದೂ ಹೋದರೆ ನನ್ನ ಜತೆ ಮಾತಾಡುವವರು ಯಾರು? ಹಳೆಯ ಮದುವೆ ಕರೆಯೋಲೆಯ ವಿಳಾಸಪಟ್ಟಿ ಹುಡುಕಿ ತೆಗೆದು ಕಂಪ್ಲಿ, ಸಂಡೂರು, ಬುಕ್ಕಸಾಗರದ ಬಂಧುಗಳಿಗೆಲ್ಲ ನಲವತ್ತು ಕಾರ್ಡು ಮಾಡಿದಳು. ತಿಪ್ಪೇಶನಿಗೂ ಒಂದು. ಸಂಡೂರಿನ ಕೆಂಪು ಮಣ್ಣು ಕಲಸಿ ಹಂಪಿಯ ಬಂಡೆಗಳನ್ನು ಬರೆದಳು. 'ನಮ್ಮ ಬಳಗಕ್ಕೆ ಬನ್ನಿ. ಒಂದು ಗೆರೆ ಎಳೆದು ಕಳಿಸಿದರೂ ಸಾಕು, ಕೈ ಮುಗಿಯುತ್ತೇನೆ.' ಕೆಳಗೆ ಹೆಸರು, ಮೂಲೆಗೆ ಹೆಬ್ಬೆಟ್ಟು.

ಹದಿನೈದು ದಿನವಾದರೂ ಒಂದೇ ಒಂದು ಉತ್ತರವಿಲ್ಲ. ಪೋಸ್ಟ್‌ಮನ್ ಪಂಪಣ್ಣನ ಸೈಕಲ್ಲು ಕಂಡರೆ ಬಾಗಿಲಿಗೆ ಓಡುವಳು. ಅವನು ತಲೆಯಾಡಿಸಿ ಮುಂದೆ ಹೋಗುವನು.

ಹಬ್ಬಕ್ಕೆ ಎರಡು ದಿನವಿದೆ ಅನ್ನುವಾಗ ಬುಕ್ಕಸಾಗರದ ಸೋದರತ್ತೆ ಎರ್ರೆಮ್ಮ ಆಟೋ ಇಳಿದಳು. ಕೈಯಲ್ಲಿ ಹೂವಿನ ಹಾರ. ಬಾಗಿಲಲ್ಲಿ ಗಂಗಾಂಬಿಕಾಳನ್ನು ಕಂಡದ್ದೇ ಹಾರ ಕೆಳಗೆ ಬಿತ್ತು.

"ಯವ್ವಾ! ಜೀವಂತ ಅದೀಯಾ? ಜ್ವರ ಬಂದು ಆಗ ಬರಾಕ ಆಗ್ಲಿಲ್ಲ, ಫೋಟೋಕ್ಕರ ಹಾರ ಹಾಕಿ ಹೋಗೋಣಂತ ಬಂದೆ. ನಿನ್ನ ಕಾರ್ಡಿನ ಮೂಲ್ಯಾಗ ಕಪ್ಪು ಹಚ್ಚಿತ್ತಲ್ಲ, ಹೆಸರು ಮಂದಿ ಓದಿ ಹೇಳಿದ್ರು! ಕಂಪ್ಲ್ಯಾಗ, ಸಂಡೂರಾಗ ಎಲ್ಲಾರೂ ನಿನ್ನ ಹೆಸರಷ್ಟ ನೋಡಿ, ಉಳಿದದ್ದು ಓದದೇ ಹೊಸ್ತಿಲದಾಗ ಹರಿದು ಹಾಕಿ, ತಲಿಮ್ಯಾಲೆ ನೀರು ಹಾಕ್ಕೊಂಡಾರ."

ಗಂಗಾಂಬಿಕಾ ಹಣೆ ಹಣೆ ಚಚ್ಚಿಕೊಂಡಳು. ಸಾವಿನ ಕಾರ್ಡಿನ ಮೂಲೆಗೆ ಮಸಿ ಹಚ್ಚುವುದು, ಅದನ್ನು ಒಳಗೆ ತರದೆ ಹರಿಯುವುದು, ಚಿಕ್ಕಂದಿನಲ್ಲಿ ತಾನೇ ಕಂಡದ್ದು. ಎಂಥ ಹುಚ್ಚಿ ನಾನು! ಅದಿರಲಿ, ಸತ್ತಳೆಂದು ತಿಳಿದ ಮೇಲಾದರೂ ಇವರಲ್ಲಿ ಒಬ್ಬರೂ ಬರಲಿಲ್ಲವಲ್ಲ! ಸ್ನಾನ ಮಾಡಿ ಕೈತೊಳೆದುಕೊಂಡರಲ್ಲ! ಕಿರುಚಬೇಕೆನಿಸಿತು. ಬಾಯಿ ತೆರೆಯಿತು, ಬರೀ ಗಾಳಿ ಬಂತು.

ಆದರೂ ಎರ್ರೆಮ್ಮ ಬಂದಿದ್ದಳಲ್ಲ. ಆಕೆಯ ಕೈ ಹಿಡಿದು ಎಳೆದು ಕೂರಿಸಿ, ಮುಂದೆ ಖಾಲಿ ಕಾರ್ಡು ಇಟ್ಟಳು.

"ನನಗ ಬರಿಯಾಕ ಬರಂಗಿಲ್ಲವ್ವ."

ಗಂಗಾಂಬಿಕಾ ಮಸಿಯನ್ನು ದೂರ ತಳ್ಳಿ ಕುಂಕುಮದ ಭರಣಿ ಇಟ್ಟಳು. ಗಾಳಿಯಲ್ಲಿ ರಂಗೋಲಿ ಬಿಡಿಸಿ ತೋರಿಸಿ ಕೈ ಮುಗಿದಳು. ಮುದುಕಿ ಬೆರಳು ಅದ್ದಿ ಒಂಬತ್ತು ಚುಕ್ಕಿ ಇಟ್ಟು, ಎಳೆ ಸುತ್ತಿದಳು. ಕೆಂಪಗೆ, ಸೊಗಸಾಗಿ!

ಹೊಸಬರು ಒಬ್ಬರು ಸಿಕ್ಕರು, ಬಳಗ ಉಳಿಯಿತು! ಗಂಗಾಂಬಿಕಾ ಅಳುತ್ತ ಮನೋಹರರ ವಿಳಾಸ ಬರೆದಳು. ಓಣಿಯಲ್ಲಿ ಸೈಕಲ್ಲಿನ ಬೆಲ್ಲು ಕೇಳಿ ಕಾರ್ಡು ಹಿಡಿದು ಓಡಿದಳು. ಪಂಪಣ್ಣ ಇವತ್ತು ನಿಂತ. ಆಕೆಯ ಮುಖವನ್ನೇ ವಿಚಿತ್ರವಾಗಿ ನೋಡುತ್ತ ತಾನೂ ಒಂದು ಕಾರ್ಡು ಚಾಚಿದ.

'ಗಂಗಾಂಬಿಕಾ ಅವರ ಮನೆಯವರಿಗೆ. ಅವರು ತೀರಿಕೊಂಡ ವಿಷಯ ತಿಪ್ಪೇಶ್ ತಿಳಿಸಿದರು. ಗಂಗಾಂಬಿಕಾ ಅವರೇ ಇಲ್ಲದ ಮೇಲೆ ಬಳಗ ನಡೆಸಲು ಮನಸ್ಸಿಲ್ಲ. ಮುಚ್ಚಿದ್ದೇನೆ. ನಿವೃತ್ತನಾಗಿ ನಾನೂ ಕ್ವಾರ್ಟರ್ಸ್ ಬಿಟ್ಟೆ. ಇನ್ನು ಈ ವಿಳಾಸಕ್ಕೆ ಕಾರ್ಡು ಬೇಡ. ಮನೋಹರ್.'

ಮೂಲೆಗೆ ಕಪ್ಪು ಹಚ್ಚಿತ್ತು. ಓದು ಬಾರದ ಎರ್ರೆಮ್ಮನಿಗೆ ಅದೊಂದು ಕಂಡಿತು.

"ಅಯ್ಯ ಶಿವನೇ! ಮತ್ತ ಯಾರು ಹೋದ್ರವ್ವಾ?"

ಗಂಗಾಂಬಿಕಾ ಬೆರಳನ್ನು ತನ್ನ ಎದೆಗೇ ಒತ್ತಿ ತೋರಿಸಿದಳು.