ಸ್ಲಾಟಿನೊಳಗಿನ ಅಂಟು

ರಿಪೇರಿಯವನ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಕೆಲಸದ ಮಸೂರವನ್ನು ಊಟಕ್ಕೆ ಕೂತಾಗಲೂ ಹಣೆಯ ಮೇಲಿಂದ ಇಳಿಸದ ಕಾರಣ ಬೀದಿಯವರೆಲ್ಲ ಅವನನ್ನು ಭೂತಗನ್ನಡಿ ಅಂತಲೇ ಕರೆಯುತ್ತಿದ್ದರು. ಕೆಟ್ಟದ್ದನ್ನು ಸರಿಮಾಡಿ ಕೊಟ್ಟು ಸುಮ್ಮನಿರುವ ಜಾಯಮಾನ ಅವನದಲ್ಲ. ಅದು ಯಾಕೆ ಕೆಟ್ಟಿತು, ಯಾರ ಕೈಯಲ್ಲಿ ಕೆಟ್ಟಿತು ಅಂತ ಗಿರಾಕಿಗೆ ಎಳೆಎಳೆಯಾಗಿ ಬಿಡಿಸಿ ಹೇಳಿದರೇನೇ ಅವನಿಗೆ ಸಮಾಧಾನ. ಒಮ್ಮೆ ಹೀಗೇ, ಫೋನಿಗೆ ಹಾಲು ಚೆಲ್ಲಿದ್ದು ಸೊಸೆಯಲ್ಲ, ಅತ್ತೆಯೇ ಅಂತ ಪತ್ತೆಹಚ್ಚಿ ಒಂದು ಮನೆಯಲ್ಲಿ ಮೂರು ದಿನ ಒಲೆ ಹೊತ್ತದಂತೆ ಮಾಡಿದ್ದ. ಕೌಂಟರಿನಲ್ಲಿ ಕೂರುವ ಅವನ ಅಕ್ಕ, “ರಿಪೇರಿ ಮಾಡೋ ಅಂದ್ರೆ ಪಂಚಾಯ್ತಿ ಮಾಡ್ತೀಯಲ್ಲೋ” ಅಂತ ಹೇಳಿ ಹೇಳಿ ಸೋತಿದ್ದಳು.

ಆ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಗಂಡಹೆಂಡತಿ ಇಬ್ಬರು ಬಂದರು. ಗಂಡ ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಶರ್ಟಿನವನು, ನಗುಮುಖದವನು. ಹೆಂಡತಿಯ ಬಲಗೈಗೆ ಪ್ಲಾಸ್ಟರ್ ಹಾಕಿ ಕೊರಳಿಗೆ ಪಟ್ಟಿ ಕಟ್ಟಿತ್ತು. ಗಂಡ ಕೌಂಟರಿನ ಮೇಲೆ ಅಂಗೈಯಗಲದ ಒಂದು ವಾಯ್ಸ್ ರೆಕಾರ್ಡರ್ ಇಟ್ಟ. ಅದರ ಪರದೆ ಚೂರುಚೂರಾಗಿತ್ತು.

“ಮೆಟ್ಟಿಲಿಂದ ಇವಳೂ ಇದೂ ಒಟ್ಟಿಗೇ ಬಿದ್ರು. ಇವಳಿಗೆ ಡಾಕ್ಟ್ರು ಪಟ್ಟಿ ಕಟ್ಟಿದ್ರು, ಇದಕ್ಕೆ ನೀವೇ ಗತಿ” ಅಂದ. ಭೂತಗನ್ನಡಿ ಹೊಟ್ಟೆ ತುಂಬ ನಕ್ಕ. ಅಕ್ಕ ನಗಲಿಲ್ಲ.

“ಇದು ಇನ್ನು ಆನ್ ಆಗೋದು ಅನುಮಾನ” ಅಂದ ಭೂತಗನ್ನಡಿ.

“ಆಗೋದು ಬೇಡ. ಒಳಗಿರೋ ಮೆಮೊರಿ ಕಾರ್ಡ್ ತೆಗೆದುಕೊಡಿ ಸಾಕು. ಎಷ್ಟು ಒತ್ತಿದ್ರೂ ಈಚೆ ಬರ್ತಿಲ್ಲ. ಮಕ್ಕಳಿಗೆ ಪಾಠ ಹೇಳ್ತಾಳೆ, ಅದನ್ನ ಇದರಲ್ಲಿ ರೆಕಾರ್ಡ್ ಮಾಡ್ತಾಳಂತೆ. ನನಗೂ ಒಂದು ಸಲ ಪಾಠ ಕೇಳ್ಬೇಕು ಅಂತ ಆಸೆ.”

“ಬರ್ಲಿಲ್ಲ ಅಂದ್ರೆ ಬಿಟ್ಬಿಡಿ ಅಣ್ಣಾ” ಅಂದಳು ಹೆಂಡತಿ.

ಭೂತಗನ್ನಡಿಗೆ ಆ ಮಾತು ಚುರುಕ್ ಅಂದಿತು. ಬರಲ್ಲ ಅಂದರೇನು? ಇಪ್ಪತ್ತು ವರ್ಷದಲ್ಲಿ ಅವನ ಕೈಗೆ ಬಂದು ಈಚೆ ಬರದೆ ಹೋದ ಕಾರ್ಡ್ ಒಂದೂ ಇರಲಿಲ್ಲ. ಮಸೂರ ಇಳಿಸಿಕೊಂಡ, ನಾಲ್ಕು ಸ್ಕ್ರೂ ಬಿಚ್ಚಿದ, ಕಾರ್ಡ್ ಕೂರುವ ಸ್ಲಾಟಿನ ಮೇಲಿನ ತಗಡಿನ ಮುಚ್ಚಳವನ್ನು ಉಗುರಿನಷ್ಟು ಎತ್ತಿದ. ಒತ್ತಿದಾಗ ಕಾರ್ಡನ್ನು ಹೊರಕ್ಕೆ ತಳ್ಳುವ ಕೂದಲೆಳೆಯಂಥ ಸ್ಪ್ರಿಂಗು ಅಲ್ಲೇ ಇತ್ತು, ಆದರೆ ಅಲುಗುತ್ತಿರಲಿಲ್ಲ. ದೀಪ ಹತ್ತಿರಕ್ಕೆ ಎಳೆದುಕೊಂಡು ಇನ್ನೊಮ್ಮೆ ನೋಡಿದ. ಸ್ಪ್ರಿಂಗಿನ ಸುತ್ತ ಗಾಜಿನ ಹಾಗೆ ಏನೋ ಗಟ್ಟಿಯಾಗಿ ಕೂತಿತ್ತು.

“ಅಣ್ಣಾ, ಬಿಟ್ಬಿಡಿ. ಹಾಳಾದ್ರೆ ಹಾಳಾಗ್ಲಿ” ಅಂದಳು ಅವಳು ಮತ್ತೆ.

“ನೀವು ಸುಮ್ನಿರಮ್ಮಾ, ಸಿಕ್ತು ಬಿಡಿ ಇದರ ಗುಟ್ಟು!” ಅಂದ ಭೂತಗನ್ನಡಿ. ಅವನ ಮುಖ ಊರಗಲ ಆಗಿತ್ತು. “ಸಾರ್, ಇದು ಬಿದ್ದಿದ್ದಕ್ಕೆ ಸಿಕ್ಕಿಹಾಕ್ಕೊಂಡಿದ್ದಲ್ಲ. ಒಳಗೆ ಅಂಟು ಹಾಕಿದ್ದಾರೆ. ಚೆಲ್ಲಿದ್ದೂ ಅಲ್ಲ, ಸೂಜಿ ಮೊನೆಯಿಂದ ಜೋಪಾನವಾಗಿ ಹಾಕಿದ್ದು. ಕಾರ್ಡ್ ಯಾರ ಕೈಗೂ ಸಿಗಬಾರದು ಅಂತ ಯಾರೋ ಬೇಕಂತಲೇ...”

ಅಕ್ಕ ಕೆಮ್ಮಿದಳು. ಅಷ್ಟು ಹೊತ್ತಿಗೆ ಮಾತು ಮುಗಿದೇ ಹೋಗಿತ್ತು.

“ಹೌದಾ?” ಅಂದ ಗಂಡ. ನಗು ಹಾಗೇ ಇತ್ತು. ಹೆಂಡತಿಯ ಕಡೆ ತಿರುಗಿ ನಿಧಾನವಾಗಿ ನೋಡಿದ. ಅವಳು ತಲೆ ಎತ್ತಲಿಲ್ಲ. ಎಡಗೈಯ ಬೆರಳ ತುದಿಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಭೂತಗನ್ನಡಿ ಆಗ ಮಸೂರ ಮೇಲಕ್ಕೆತ್ತಿ ಇಬ್ಬರನ್ನೂ ನೋಡಿದ. ಮೆಟ್ಟಿಲು, ಪ್ಲಾಸ್ಟರು, ಒಡೆದ ಪರದೆ, ಪಾಠ ಕೇಳುವ ಆಸೆ, ಎಲ್ಲವೂ ಒಂದರ ಹಿಂದೆ ಒಂದು ಬಂದು ನಿಂತವು. ತಾನು ಈ ಹೆಣ್ಣುಮಗಳನ್ನು ಹಿಡಿದುಕೊಟ್ಟೆ ಅಂತ ಅವನಿಗೆ ಗೊತ್ತಾಯಿತು.

“ನಾಳೆ ಬನ್ನಿ ಸಾರ್, ಇದಕ್ಕೆ ಟೈಮ್ ಬೇಕು.”

“ಕಾಯ್ತೀವಿ. ನಮಗೇನೂ ಅವಸರ ಇಲ್ಲ” ಅಂದು ಗಂಡ ಸ್ಟೂಲ್ ಎಳೆದುಕೊಂಡು ಮೇಜಿನ ಎದುರಿಗೇ ಕೂತ.

ಬೇರೆ ದಾರಿ ಇರಲಿಲ್ಲ. ಭೂತಗನ್ನಡಿ ಅಂಟು ಕರಗಿಸುವ ದ್ರಾವಣವನ್ನು ಹನಿಹನಿಯಾಗಿ ಬಿಟ್ಟ. ಅಂಟು ಮೆತ್ತಗಾಗುತ್ತಿದ್ದ ಹಾಗೆ ಅವನ ಕುತ್ತಿಗೆಯಲ್ಲಿ ಬೆವರು ಇಳಿಯತೊಡಗಿತು. ಅವಳು ಏನು ಬಚ್ಚಿಟ್ಟಿದ್ದಾಳೋ, ಅದಂತೂ ಈ ಮನುಷ್ಯನ ಕೈಗೆ ಹೋಗಬಾರದು. ಆಡಿದ ಮಾತನ್ನು ನುಂಗಲು ಆಗುವುದಿಲ್ಲ, ಇಷ್ಟನ್ನಾದರೂ ಮಾಡಬಹುದು. ಚಿಮಟದಲ್ಲಿ ಕಾರ್ಡಿನ ಅಂಚು ಹಿಡಿದು ಎಳೆಯುವ ಬದಲು ಪಕ್ಕಕ್ಕೆ ಬಗ್ಗಿಸಿದ. ಲಟಕ್ ಅಂತ ಎರಡು ತುಂಡಾಯಿತು.

“ಅಯ್ಯೋ, ತಪ್ಪಾಯ್ತು ಸಾರ್! ಕೈ ಜಾರಿಬಿಡ್ತು.”

ಗಂಡ ಬೈಯುತ್ತಾನೆ ಅಂದುಕೊಂಡಿದ್ದ. ಕೂಗಿಕೊಂಡದ್ದು ಹೆಂಡತಿ.

“ಏನ್ ಮಾಡಿದ್ರಿ ಅಣ್ಣಾ! ನನ್ನ ಹತ್ರ ಬೇರೆ ಏನಿತ್ತು? ಇವರು ನನ್ನ ಏನ್ ಮಾಡ್ತೀನಿ ಅಂದಿದ್ರೋ, ಎಲ್ಲ ಇವರ ಬಾಯಲ್ಲೇ ಅದರಲ್ಲಿತ್ತು. ಕಾರ್ಡ್ ತೆಗೆದು ಅಳಿಸಿಬಿಡ್ತಾರೆ ಅಂತ ಅಂಟು ಹಾಕಿದ್ದೆ. ನಾಳೆ ಹೇಗಾದ್ರೂ ಮಾಡಿ ಪೊಲೀಸರಿಗೆ ಕೊಡೋಳಿದ್ದೆ.”

ಗಂಡ ಎದ್ದು ಎರಡು ತುಂಡನ್ನೂ ಆರಿಸಿ ಜೇಬಿಗೆ ಹಾಕಿಕೊಂಡ.

“ಪರವಾಗಿಲ್ಲ ಬಿಡಿ, ಕೈತಪ್ಪು ಯಾರಿಗೂ ಆಗುತ್ತೆ. ನೀವು ಬಿಡಿಸಿ ಹೇಳಿದ್ದು ಒಳ್ಳೇದೇ ಆಯ್ತು” ಅಂದ. ಹೆಂಡತಿಯ ಪೆಟ್ಟಾಗದ ತೋಳನ್ನು ಹಿಡಿದುಕೊಂಡ. “ಬಾ, ಮನೆಗೆ ಹೋಗೋಣ.”

“ನೀನು ಇಲ್ಲೇ ಕೂತ್ಕೊಳಮ್ಮ, ಎಲ್ಲೂ ಹೋಗ್ಬೇಡ” ಅಂತ ಅಕ್ಕ ಕೌಂಟರಿನ ಹಿಂದಿನಿಂದ ಎದ್ದಳು. ಅವಳು ಕೌಂಟರ್ ಸುತ್ತಿ ಈಚೆ ಬರುವಷ್ಟರಲ್ಲಿ ಗಂಡ ಹೆಂಡತಿಯನ್ನು ಹೊರಗೆ ಎಳೆದೊಯ್ದಾಗಿತ್ತು, ಬೀದಿಯಲ್ಲಿ ನಿಂತಿದ್ದ ಕಾರಿನ ಬಾಗಿಲು ಎರಡು ಸಲ ಧಡಾರ್ ಅಂದಿತು. ಅಕ್ಕ ಬರಿಗಾಲಲ್ಲಿ ಬೀದಿಗೆ ಓಡಿದಳು. ಭೂತಗನ್ನಡಿ ಚಿಮಟ ಹಿಡಿದುಕೊಂಡೇ ಕೂತಿದ್ದ.

ಅಕ್ಕ ಏದುಸಿರು ಬಿಡುತ್ತ ವಾಪಸ್ ಬಂದು ಬಾಗಿಲಲ್ಲಿ ನಿಂತಳು.

“ತಿರುವಿನ ತನಕ ಓಡಿದೆ. ನಿಲ್ಲಿಸ್ಲಿಲ್ಲ” ಅಂದಳು. “ಆ ಹುಡುಗಿ ಒಳಗಿಂದ ಗಾಜು ಬಡೀತಿದ್ಳು ಕಣೋ. ಪ್ಲಾಸ್ಟರ್ ಹಾಕಿದ್ದ ಕೈಯಿಂದ.”