ಈಶಾನ್ಯ ಮೂಲೆಯ ರಾಣಿ ರೂಪಾಯಿ

ಒಂದು ಮಿಕ್ಸಿ ಕೊಳ್ಳುವುದಕ್ಕೇ ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದ ಮಹಾನುಭಾವ ಗಂಗಾಧರ. ಅಂಥವನಿಗೆ ಮೂರು ವಾರದೊಳಗೆ ಮೆಟಲ್ ಡಿಟೆಕ್ಟರ್ ಆರಿಸು ಅಂದರೆ ಗತಿಯೇನು ಹೇಳಿ! ಹಗಲೆಲ್ಲ ಸ್ವೀಡನ್ ದೇಶದ ಸ್ಯಾಂಡ್‌ವಿಕೆನ್ನಿನ ಉಕ್ಕಿನ ಕಾರ್ಖಾನೆಯಲ್ಲಿ ಲೋಹದ ಗುಣ ಪರೀಕ್ಷೆ ಮಾಡುವ ಎಂಜಿನಿಯರು, ಸಂಜೆ ಮನೆಗೆ ಬಂದು ಲ್ಯಾಪ್‌ಟಾಪ್ ಮುಂದೆ ಕೂತು, ಹಳೆಯ ಬೆಳ್ಳಿ ನಾಣ್ಯ ಹುಡುಕಲು ಯಾವ ಯಂತ್ರ ಒಳ್ಳೆಯದು ಎಂದು ಓದುತ್ತ ಓದುತ್ತ ಬೆಪ್ಪಾಗುತ್ತಿದ್ದ. ಒಬ್ಬ ಬರೆಯುತ್ತಿದ್ದ: ನೆಲದ ಮೇಲೆ ಆಡಿಸೋ ತಟ್ಟೆ, ಅದೇ ಕಾಯಿಲ್, ದೊಡ್ಡದು ತಗೊಳ್ಳಿ, ಆಳಕ್ಕೆ ಹೋಗುತ್ತೆ. ಇನ್ನೊಬ್ಬ ಬರೆಯುತ್ತಿದ್ದ: ಕಸ ತುಂಬಿದ ನೆಲದಲ್ಲಿ ದೊಡ್ಡ ಕಾಯಿಲ್ ಕುರುಡು, ಸಣ್ಣದೇ ಸರಿ. ಮೂರನೆಯವನು ಬಂದು, ನೀವಿಬ್ಬರೂ ಮೂರ್ಖರು, ಕಾಯಿಲ್ ಬಿಡಿ, ಫ್ರೀಕ್ವೆನ್ಸಿ ನೋಡಿ ಎನ್ನುತ್ತಿದ್ದ. ಎತ್ತು ಏರಿಗೆ, ಕೋಣ ನೀರಿಗೆ. ಓದಿದಷ್ಟೂ ಗೊಂದಲ ಹೆಚ್ಚುತ್ತಿತ್ತೇ ಹೊರತು ಯಂತ್ರ ಮಾತ್ರ ಆರಿಸಿದ್ದಾಗಲಿಲ್ಲ.

ಹುಡುಕಬೇಕಾದದ್ದು ಏನು, ಕೊಪ್ಪರಿಗೆ ಹೊನ್ನೇ? ಒಂದೇ ಒಂದು ನಾಣ್ಯ. ವಿಕ್ಟೋರಿಯಾ ರಾಣಿಯ ಮುಖವಿರುವ 1862ರ ಬೆಳ್ಳಿ ರೂಪಾಯಿ. ಅದು ಅವನ ಹೆಂಡತಿ ಕಾಂಚನಾಳ ತಾಯಿ ಭಾನುಮತಿಯವರದು. ವರಮಹಾಲಕ್ಷ್ಮಿ ಹಬ್ಬದ ದಿನ ಕಲಶದೊಳಕ್ಕೆ ಅವರು ಆ ರೂಪಾಯಿಯನ್ನೇ ಹಾಕುತ್ತಿದ್ದರು. ಐದು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ವೀಸಾ ಮಾಡಿಸಿ, ಉಣ್ಣೆಯ ಕಾಲುಚೀಲ ಕೊಂಡು, ಚಟ್ನಿಪುಡಿ ಕುಟ್ಟಿಸಿಟ್ಟುಕೊಂಡು ಕೂತಿದ್ದವರು, ವಿಮಾನ ಹತ್ತಲು ಹನ್ನೆರಡು ದಿನ ಇದೆ ಅನ್ನುವಾಗ ಹೃದಯ ನಿಂತು ಹೋಗಿಬಿಟ್ಟರು. ಎಂಟು ತಿಂಗಳ ಬಸುರಿ ಮಗಳಿಗೆ ಕೊನೆಗೊಮ್ಮೆ ಮುಖ ನೋಡುವುದಕ್ಕೂ ಆಗಲಿಲ್ಲ. ಅವಳ ಕೈಗೆ ಬಂದದ್ದು, ಚಿಕ್ಕಮ್ಮ ಯಾರ ಜೊತೆಯಲ್ಲೋ ಕಳಿಸಿಕೊಟ್ಟ ಆ ರಾಣಿ ರೂಪಾಯಿ ಮಾತ್ರ.

ಮಗು ಹುಟ್ಟಿ ಮೂರು ತಿಂಗಳಿಗೆ, 2012ರ ಫೆಬ್ರವರಿಯಲ್ಲಿ, ಸ್ವಂತ ಮನೆಯ ಗೃಹಪ್ರವೇಶ. ಬೆಂಗಳೂರಿನಿಂದ ಪುರೋಹಿತರು ಸ್ಕೈಪಿನಲ್ಲೇ ಕೂತು, ಅಂಗಳದ ಈಶಾನ್ಯ ಮೂಲೆಯಲ್ಲಿ ಒಂದು ಮೊಳ ಅಗೆದು, ನವಧಾನ್ಯದ ಜೊತೆ ಬೆಳ್ಳಿ ನಾಣ್ಯ ಹೂಳಬೇಕು ಎಂದಿದ್ದರು. ಕಾಂಚನಾ ಹಿಂದೆ ಮುಂದೆ ನೋಡದೆ ಅಮ್ಮನ ರೂಪಾಯಿ ತೆಗೆದು ಗಂಡನ ಕೈಗಿಟ್ಟಳು. "ಅಮ್ಮ ಬರ್ಬೇಕು ಅಂತಿದ್ಳು. ಬಂದ್ಳು ಅಂದ್ಕೋತೀನಿ," ಅಂದಿದ್ದಳು.

ಅವತ್ತಿನಿಂದ ಪ್ರತಿ ಶುಕ್ರವಾರ ಆ ಮೂಲೆಗೆ ದೀಪ. ಎಣ್ಣೆ ದೀಪ ಈ ಊರಿನ ಗಾಳಿಗೆ ನಿಲ್ಲುತ್ತದೆಯೇ? ಇಲ್ಲಿನ ಜನ ಸಮಾಧಿಗಳ ಮುಂದೆ ಇಡುವ, ಮುಚ್ಚಳವಿರುವ ಮೇಣದ ದೀಪವನ್ನೇ ಅವಳು ಅಂಗಡಿಯಿಂದ ತಂದು ಹಚ್ಚುತ್ತಿದ್ದಳು. ಮಗಳು ಆರಾಧ್ಯಾ ಮಾತು ಕಲಿತ ಮೇಲೆ, ಇಲ್ಲಿನ ಮಕ್ಕಳು ತಾಯಿಯ ತಾಯಿಗೆ ಅನ್ನುವಂತೆ "ಗುಡ್‌ನೈಟ್ ಮೊರ್‌ಮೊರ್" ಎಂದು ಆ ಮೂಲೆಗೆ ಕೈ ಬೀಸಿ ಮಲಗಲು ಹೋಗುತ್ತಿದ್ದಳು. ಗಂಗಾಧರನೂ ಹೆಂಡತಿಯ ಹಿಂದೆ ನಿಂತು ಕೈ ಮುಗಿಯುತ್ತಿದ್ದ.

ಈಗ ಅವನಿಗೆ ದೂರದ ದಕ್ಷಿಣದ ಊರು ಹೆಲ್ಸಿಂಗ್‌ಬೋರ್ಯ್‌ನಲ್ಲಿ ಹೊಸ ಕೆಲಸ. ಮನೆ ಮಾರಿ ಆಗಿದೆ. ಜುಲೈ ಒಂದಕ್ಕೆ ಕೀಲಿ ಕೊಡಬೇಕು. ಕಾಂಚನಾ ಹೇಳಿದ್ದು ಒಂದೇ ಮಾತು. "ಅಮ್ಮನ್ನ ಇಲ್ಲಿ ಬಿಟ್ಟು ನಾನು ಬರಲ್ಲ."

ಮೇ ತಿಂಗಳಲ್ಲಿ ಇಬ್ಬರೂ ಸೇರಿ ಆ ಮೂಲೆ ಅಗೆದರು. ಒಂದು ಮೊಳ, ಒಂದೂವರೆ ಮೊಳ. ಕಲ್ಲು ಸಿಕ್ಕಿತು, ಬೇರು ಸಿಕ್ಕಿತು, ರಾಣಿ ಸಿಗಲಿಲ್ಲ. "ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬುತ್ತೆ, ಆಮೇಲೆ ಇಳಿಯುತ್ತೆ. ಕಲ್ಲುಗಳೇ ಜರುಗ್ತವೆ. ನಾಣ್ಯನೂ ಎಲ್ಲೋ ಜರುಗಿರತ್ತೆ," ಅಂದ ಗಂಗಾಧರ. "ಹಾಗಾದ್ರೆ ಆಳಕ್ಕೆ ನೋಡೋ ಒಳ್ಳೆ ಮಷೀನ್ ತರೋಣ," ಅಂದಳು ಅವಳು.

ಅಯ್ಯೋ ಪುಣ್ಯಾತ್ಮ! ನಾಣ್ಯ ಅಲ್ಲಿ ಇದ್ದರಲ್ಲವೇ ಸಿಗುವುದು?

ನಡೆದದ್ದು ಇಷ್ಟು. ಗೃಹಪ್ರವೇಶದ ದಿನ ಮೈನಸ್ ಹದಿನೆಂಟು ಡಿಗ್ರಿ. ತೊಡೆಯವರೆಗೆ ಹಿಮ. ಕಾಂಚನಾ ಒಳಗೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಹಾಲು ಉಕ್ಕುವುದನ್ನು ಕಾಯುತ್ತಿದ್ದಳು. ಗಂಗಾಧರ ಹೊರಗೆ ಹಿಮ ಸರಿಸಿ ಗುದ್ದಲಿ ಹಾಕಿದರೆ ಠಣ್ ಅಂತ ವಾಪಸು ಬಂತು. ಪಕ್ಕದ ಮನೆಯಿಂದ ಹಾರೆ ತಂದ. ಅರ್ಧ ಗಂಟೆಗೆ ಒಂದು ಬೊಗಸೆ ಮಣ್ಣೂ ಏಳಲಿಲ್ಲ. ನಮ್ಮ ಕಡೆ ಹುಟ್ಟಿದವನಿಗೆ, ನೆಲ ಅನ್ನುವುದು ಕಲ್ಲಾಗಿ ಕೂರುತ್ತದೆ ಎಂದು ಹೇಗೆ ಗೊತ್ತಿರಬೇಕು? ಕಿವಿಯೊಳಗಿನ ಫೋನಿನಲ್ಲಿ ಪುರೋಹಿತರು, "ಮುಹೂರ್ತ ಮೀರ್ತಾ ಇದೆ, ಆಯ್ತೇನಪ್ಪಾ, ಆಯ್ತೇನಪ್ಪಾ" ಅಂತ ಒಂದೇ ಸಮ. ಗಂಗಾಧರ ನಾಣ್ಯವನ್ನೂ ನವಧಾನ್ಯವನ್ನೂ ಹಿಮದೊಳಗೇ ತುರುಕಿ, ಮೇಲೆ ಒಂದಿಷ್ಟು ಹಿಮ ತಟ್ಟಿ, "ಆಯ್ತು ಸ್ವಾಮೀ" ಅಂದುಬಿಟ್ಟ. ಹಿಮ ಕರಗಿದ ಮೇಲೆ ಸರಿಯಾಗಿ ಹೂತರಾಯಿತು ಅಂದುಕೊಂಡಿದ್ದ. ಈಶಾನ್ಯ ಮೂಲೆ ಇದ್ದದ್ದು ರಸ್ತೆಯ ಅಂಚಿಗೆ. ಮೂರನೆಯ ದಿನ ಹಿಮ ತಳ್ಳುವ ಟ್ರಾಕ್ಟರ್ ಬಂದು ಅಂಚಿನ ದಿಬ್ಬವನ್ನೂ ಸೇರಿಸಿ ಬಳಿದುಕೊಂಡು ಹೋಯಿತು. ಇಡೀ ಬೀದಿಯ ಹಿಮವನ್ನು ಬೀದಿ ಕೊನೆಯ ಜಲ್ಲಿ ಬಯಲಿಗೆ ಗುಡ್ಡ ಹಾಕುವುದು ಅಲ್ಲಿನ ಪದ್ಧತಿ. ಅಷ್ಟೇ. ಏಪ್ರಿಲ್‌ನಲ್ಲಿ ಮೂಲೆ ನೋಡಿದರೆ ಒಂದು ಹೆಸರುಕಾಳೂ ಇರಲಿಲ್ಲ.

ಹೇಳಬೇಕು ಅಂತ ಎಷ್ಟು ಸಲ ಅಂದುಕೊಂಡ! ಆದರೆ ಅಷ್ಟರಲ್ಲಿ ಅವಳು ಹತ್ತು ಶುಕ್ರವಾರ ದೀಪ ಹಚ್ಚಿ ಆಗಿತ್ತು. ಬಿಸಿ ತುಪ್ಪ, ಉಗುಳುವುದಕ್ಕೂ ಆಗದು, ನುಂಗುವುದಕ್ಕೂ ಆಗದು. ನಾಲ್ಕು ವರ್ಷ ಹಾಗೇ ಬಾಯಲ್ಲಿಟ್ಟುಕೊಂಡಿದ್ದ.

ಈಗ ನೋಡಿ ಅವನ ಫಜೀತಿ. ಕಾಂಚನಾಳಿಗೆ ಬೇಕಾದದ್ದು ಆಳಕ್ಕೆ ಇಳಿಯುವ ಯಂತ್ರ. ಅವನಿಗೆ ಬೇಕಾದದ್ದು ಜಲ್ಲಿ ಬಯಲಿನ ಕಸದ ನಡುವೆ, ಮೇಲುಮೇಲಿನ ಬೆಳ್ಳಿಯನ್ನು ಬೇರೆ ಮಾಡಿ ತೋರಿಸುವ ಯಂತ್ರ. ಕಾರ್ಖಾನೆಯ ಹಿರಿಯ ಸಹೋದ್ಯೋಗಿ ರಾಜಗೋಪಾಲ್ ತಮ್ಮ ಹಳೆಯ ಹಳದಿ ಡಿಟೆಕ್ಟರ್ ಕೊಟ್ಟಿದ್ದರು. ಊಟದ ವೇಳೆಯಲ್ಲಿ ಗುಟ್ಟಾಗಿ ಅದನ್ನು ಬಯಲಿಗೆ ಒಯ್ದರೆ, ಬಿಯರ್ ಮುಚ್ಚಳಕ್ಕೂ ಮೊಳೆಗೂ ಒಂದೇ ರಾಗದಲ್ಲಿ ಅರಚಿಕೊಂಡಿತು. "ಗಂಗಾಧರ್, ಹುಷಾರು. ಇಲ್ಲಿ ಹಳೇ ನಾಣ್ಯ ಹುಡುಕೋಕೆ ಪರ್ಮಿಷನ್ ಬೇಕು, ಇಲ್ಲಾಂದ್ರೆ ಕೇಸ್ ಆಗತ್ತೆ," ಅಂತ ರಾಜಗೋಪಾಲ್ ಬೇರೆ ಹೆದರಿಸಿದರು. ಹೆದರಿ ಜಿಲ್ಲಾ ಕಚೇರಿಗೆ ಫೋನು ಮಾಡಿದ. ಅತ್ತಲಿನ ಹೆಂಗಸು ಕೇಳಿದಳು, ನಾಣ್ಯ ಯಾರದು? ನಮ್ಮತ್ತೆಯದು. ಹೂತವರು ಯಾರು? ನಾನೇ. ಆಕೆ, ತಾನೇ ಕಳೆದುಕೊಂಡ ವಸ್ತು ಹುಡುಕುವುದು ಬೇರೆ ವಿಷಯ, ಅದಕ್ಕೆ ಅರ್ಜಿ ಬೇಡ ಅಂದಳು. ಆಮೇಲೆ ಮೆಲ್ಲಗೆ, ಅದನ್ನು ಹೂತದ್ದಾದರೂ ಯಾಕೆ ಎಂದು ಕೇಳಿದಳು. ವಾಸ್ತುಶಾಸ್ತ್ರವನ್ನು ತನ್ನ ಹರಕುಮುರುಕು ಸ್ವೀಡಿಷಿನಲ್ಲಿ ವಿವರಿಸುವಷ್ಟರಲ್ಲಿ ಗಂಗಾಧರ ಬೆವೆತುಹೋದ.

ಜೂನ್ ಮೂರನೆಯ ಶನಿವಾರ ಕಾಂಚನಾಳೇ ತಾಳ್ಮೆಗೆಟ್ಟು, "ಏಳ್ರೀ, ನೀವು ಓದಿದ್ದು ಸಾಕು," ಎಂದು ಪಕ್ಕದ ಊರಿನ ಅಂಗಡಿಗೆ ಹೊರಡಿಸಿದಳು. ಮೀನಿನ ಗಾಳ, ಟೆಂಟು, ಡಿಟೆಕ್ಟರ್ ಎಲ್ಲ ಮಾರುವ ಅಂಗಡಿ. ಮಾಲೀಕ ಸ್ಟೆಲ್ಲನ್, ಬಿಳಿ ಗಡ್ಡದ ಮುದುಕ. ದಾಗಿಸ್‌ನಲ್ಲಿ ಅಂದರೆ ಇಲ್ಲಿನ ಶಿಶುವಿಹಾರದಲ್ಲಿ ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಕಾಂಚನಾಳ ಸ್ವೀಡಿಷ್ ನೀರು ಕುಡಿದಷ್ಟು ಸಲೀಸು. ಮಾತೆಲ್ಲ ಅವಳದೇ. ಗಂಗಾಧರನಿಗೆ ಅರ್ಧ ಅರ್ಥವಾಗುತ್ತಿತ್ತು, ಇನ್ನರ್ಧ ಊಹೆ.

ಸ್ಟೆಲ್ಲನ್ ಎರಡು ಯಂತ್ರ ತಂದು ಮುಂದಿಟ್ಟ. ಒಂದಕ್ಕೆ ಊಟದ ತಟ್ಟೆಯಷ್ಟು ಅಗಲದ ಕಾಯಿಲ್, ಇನ್ನೊಂದಕ್ಕೆ ತಿಂಡಿ ತಟ್ಟೆಯಷ್ಟು. "ಯಾವುದು ಒಳ್ಳೆಯದು ಅನ್ನುವುದು, ನಾಣ್ಯ ಎಷ್ಟು ಆಳದಲ್ಲಿದೆ ಅನ್ನುವುದರ ಮೇಲೆ ಹೋಗುತ್ತದೆ," ಅಂದ. "ಎಷ್ಟು ಆಳ?"

"ಮುಕ್ಕಾಲು ಮೀಟರ್," ಅಂದಳು ಕಾಂಚನಾ. ಆಮೇಲೆ ಗಂಡನ ಕಡೆ ತಿರುಗಿ, "ಅಷ್ಟೇ ಅಲ್ವೇನ್ರೀ?"

ಗಂಗಾಧರ ಹೂಂ ಅಂದನೋ ಊಹೂಂ ಅಂದನೋ ಅವನಿಗೇ ತಿಳಿಯಲಿಲ್ಲ. ಸ್ಟೆಲ್ಲನ್ ಎರಡೂ ಯಂತ್ರಗಳನ್ನು ಪಕ್ಕಕ್ಕೆ ಸರಿಸಿಬಿಟ್ಟ. ಒಂಟಿ ನಾಣ್ಯ ಮುಕ್ಕಾಲು ಮೀಟರ್ ಆಳದಲ್ಲಿದ್ದರೆ ತನ್ನ ಅಂಗಡಿಯ ಯಾವ ಯಂತ್ರವೂ ಅದನ್ನು ಕಾಣದು ಅಂದ. ಗೇಣು ಚಾಚಿ ತೋರಿಸಿದ. ಇಷ್ಟು, ಮೇಲೆ ಇನ್ನು ಎರಡು ಬೆರಳು. ಅದಕ್ಕಿಂತ ಆಳ ಅಂತ ಯಾರಾದರೂ ಹೇಳಿ ಮಾರಿದರೆ ಸುಳ್ಳು, ನಿಮ್ಮ ದುಡ್ಡು ನನಗೆ ಬೇಡ ಅಂದ.

ಕಾಂಚನಾ ಆಮೇಲೆ ಕನ್ನಡಕ್ಕೆ ಬಂದಳು.

"ಬಿಡಿ ರೀ, ಹೋಗ್ಲಿ. ಮನೆ ತಗೊಂಡೋರಿಗೆ ಆ ಮೂಲೇಲಿ ಏನೂ ಅಗೀಬೇಡಿ ಅಂತ ಕೇಳ್ಕೋತೀನಿ, ಒಳ್ಳೆ ಜನ. ಅಮ್ಮ ಎಲ್ಲಿದಾಳೆ ಅಂತ ನಂಗೆ ಗೊತ್ತಲ್ಲ. ಅಷ್ಟು ಸಾಕು."

ಸುಳ್ಳು ಗೆದ್ದಿತ್ತು! ಬಾಯಿ ಮುಚ್ಚಿಕೊಂಡು ಕಾರಿನ ಕೀ ಎತ್ತಿಕೊಂಡಿದ್ದರೆ ಜನ್ಮಪೂರ್ತಿ ಯಾರಿಗೂ ತಿಳಿಯುತ್ತಿರಲಿಲ್ಲ. ನಾಲ್ಕು ವರ್ಷದ ಭಾರ ಇಳಿದು ಹಗುರಾಗಬೇಕಿದ್ದ ಮನುಷ್ಯ ಕೀಗೆ ಕೈ ಹಾಕಲೇ ಇಲ್ಲ. ಗೊತ್ತು ಅಂದಳಲ್ಲ, ಆ ಮಾತು ಅವನಿಂದ ತಡೆಯಲಾಗಲಿಲ್ಲ.

"ಕಾಂಚನಾ, ಅದು ಅಷ್ಟು ಆಳದಲ್ಲಿ ಇಲ್ಲ."

"ಮತ್ತೆ?"

"ಆಳವೇ ಇಲ್ಲ. ಮಣ್ಣೊಳಗೇ ಹೋಗಿಲ್ಲ ಅದು."

ಅವಳು ಮೊದಲು ನಕ್ಕಳು, ತಮಾಷೆ ಅಂದುಕೊಂಡು. ಗಂಗಾಧರ ಹೇಳಿದ. ಹಾರೆ, ಹಿಮ, ಮುಹೂರ್ತ, ಟ್ರಾಕ್ಟರು, ಜಲ್ಲಿ ಬಯಲು, ಒಂದಾದ ಮೇಲೊಂದು, ಮಧ್ಯೆ ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಅನ್ನುವ ಭಯದಲ್ಲಿ. ಸ್ಟೆಲ್ಲನ್ ಏನೂ ಅರ್ಥವಾಗದೆ ಒಬ್ಬರ ಮುಖ ಬಿಟ್ಟು ಒಬ್ಬರ ಮುಖ ನೋಡುತ್ತಿದ್ದ.

"ಅಮ್ಮನ್ನ ಹಿಮದಲ್ಲಿ ಇಟ್ರಾ?"

"ನೆಲ ಕಲ್ಲಾಗಿತ್ತು ಕಣೆ..."

"ನೆಲದ ವಿಷಯ ಬಿಡಿ. ನಾಲ್ಕು ವರ್ಷ ನಾನು ದೀಪ ಹಚ್ಚೋವಾಗ ಹಿಂದೆ ನಿಂತು ನೀವೂ ಕೈ ಮುಗೀತಿದ್ರಲ್ಲ. ಅಲ್ಲಿ ಏನೂ ಇಲ್ಲ ಅಂತ ಗೊತ್ತಿದ್ದೂ. ಯಾರಿಗೆ ಮುಗೀತಿದ್ರಿ?"

ನಿಜಕ್ಕೂ ಯಾರಿಗೆ? "ಗೊತ್ತಿಲ್ಲ," ಅಂದ ಗಂಗಾಧರ. "ನೀನು ಮುಗೀತಿದ್ದೆ, ಅದಕ್ಕೆ ನಾನೂ..."

ಅವಳು ಕಣ್ಣೊರೆಸಿಕೊಂಡು ಸ್ಟೆಲ್ಲನ್ ಕಡೆ ತಿರುಗಿ ಸ್ವೀಡಿಷಿನಲ್ಲಿ, ಜಲ್ಲಿಯ ಮೇಲೆ, ನಾಲ್ಕು ವರ್ಷದ ಕಸದ ನಡುವೆ ಬಿದ್ದಿರುವ ಬೆಳ್ಳಿಗೆ ಯಾವುದು ಒಳ್ಳೆಯದು ಎಂದು ಕೇಳಿದಳು. ಮುದುಕ ಸಣ್ಣ ಕಾಯಿಲಿನ ಯಂತ್ರ ಎತ್ತಿಕೊಟ್ಟ. ಕಬ್ಬಿಣಕ್ಕೆ ಇದು ಗೊಗ್ಗರು ದನಿಯಲ್ಲಿ ಗೊಣಗುತ್ತದೆ, ಬೆಳ್ಳಿಗೆ ತೆಳ್ಳಗೆ ಮೇಲುದನಿಯಲ್ಲಿ ಕೂಗುತ್ತದೆ ಅಂದ. ಮೂರು ವಾರ ಗಂಗಾಧರ ಬಿಡಿಸಲಾರದ ಗಂಟನ್ನು ಅವಳು ಮೂರು ನಿಮಿಷದಲ್ಲಿ ಬಿಡಿಸಿದಳು.

ಅಲ್ಲಿಂದಾಚೆಗೆ ಅವಳು ಗಂಡನ ಜೊತೆ ಮಾತಾಡಲಿಲ್ಲ. ಉಪ್ಪು ಬೇಕಾದರೂ ಮಗಳ ಕೈಲಿ ಕೇಳಿಸುವಳು. ಸಂಜೆ ಆರಕ್ಕೆ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಜಲ್ಲಿ ಬಯಲಿಗೆ ಹೊರಡುವಳು. ಯಂತ್ರವನ್ನು ಅವನ ಕೈಗೆ ಕೊಡಳು. ಗಂಗಾಧರ ಒಂದು ಬಕೆಟ್ಟು, ಒಂದು ಕೈಗುದ್ದಲಿ ಹಿಡಿದು ಹತ್ತು ಹೆಜ್ಜೆ ಹಿಂದೆ. ಜೂನ್ ತಿಂಗಳ ಸೂರ್ಯ ಮುಳುಗುವ ಮಾತೇ ಆಡುವುದಿಲ್ಲ. ಅವಳು ಕಾಲಲ್ಲಿ ತೋರಿಸಿದ ಕಡೆ ಅವನು ಕೆದಕಬೇಕು. ಸಿಕ್ಕಿದ್ದು ಕ್ಯಾನಿನ ಕಿವಿ, ಸೈಕಲ್ಲಿನ ಬೆಲ್ಲು, ಯಾವುದೋ ಮಗುವಿನ ಜಾಕೆಟ್ಟಿನ ಜಿಪ್ಪು. ಇದು ಹುಡುಕಾಟವೋ, ತನ್ನನ್ನು ಮಂಡಿಯೂರಿಸುವ ಉಪಾಯವೋ ಅವನಿಗೆ ತಿಳಿಯುತ್ತಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಆರನೆಯ ಸಂಜೆ, ಬಯಲಿನ ಅಂಚಿನ ಬರ್ಚ್ ಮರದ ಬುಡದಲ್ಲಿ ಯಂತ್ರ ತೆಳ್ಳಗೆ, ಮೇಲುದನಿಯಲ್ಲಿ ಕೂಗಿತು. ಕಾಂಚನಾ ಇನ್ನೊಮ್ಮೆ ಬೀಸಿದಳು. ಅದೇ ದನಿ. ಯಂತ್ರ ಕೆಳಗೆ ಹಾಕಿ ಅವಳೂ ಮಂಡಿಯೂರಿದಳು. ಇಬ್ಬರೂ ಬೆರಳಲ್ಲೇ ಜಲ್ಲಿ ಬಗೆದರು. ಬಿಳಿಯ ಅಂಚೊಂದು ಕಂಡಿತು. ಅವಳು ಎತ್ತಿ ಸೆರಗಿಲ್ಲದ ಬಟ್ಟೆಯ ತೋಳಿಗೇ ತಿಕ್ಕಿದಳು.

ಬೆಳ್ಳಿಯೇ. ಆದರೆ ರಾಣಿಯಲ್ಲ. ಯಾರೋ ರಾಜ. 1944ರ ಸ್ವೀಡನ್ನಿನ ಒಂದು ಕ್ರೋನಾ.

"ಅಮ್ಮ ಅಲ್ಲ," ಅಂದಳು ಕಾಂಚನಾ. ಅಂದು, ಜಲ್ಲಿಯ ಮೇಲೆ ಕೂತು ಜೋರಾಗಿ ಅತ್ತುಬಿಟ್ಟಳು. ಐದು ವರ್ಷದ ಹಿಂದೆ ಆ ಫೋನು ಬಂದ ದಿನ, ಹೊಟ್ಟೆಯಲ್ಲಿರುವ ಮಗುವಿಗೆ ಆಗದು ಎಂದು ಎಲ್ಲರೂ ಸಮಾಧಾನ ಮಾಡಿ ನಿಲ್ಲಿಸಿದ್ದ ಅಳು ಅದು. ಗಂಗಾಧರ ಹತ್ತಿರ ಹೋಗಲೋ ಬೇಡವೋ ತಿಳಿಯದೆ, ಬಕೆಟ್ಟನ್ನು ಎರಡು ಕೈಯಲ್ಲಿ ಹಿಡಿದು ನಿಂತೇ ಇದ್ದ. ಸಮಾಧಾನ ಮಾಡಬಾರದು ಅನ್ನುವಷ್ಟು ಮಾತ್ರ ಅವನಿಗೆ ಹೇಗೋ ಹೊಳೆಯಿತು.

ತುಂಬ ಹೊತ್ತಾದ ಮೇಲೆ ಅವಳು ಎದ್ದಳು. ರಾಜನನ್ನು ಮರದ ಬುಡದ ಕಲ್ಲಿನ ಮೇಲೆ, ಕಳೆದುಕೊಂಡವರಿಗೆ ಕಾಣುವ ಹಾಗೆ ಇಟ್ಟಳು. ಯಂತ್ರದ ಹಿಡಿ ಒರೆಸಿ ಅವನ ಮುಂದೆ ಚಾಚಿದಳು.

"ತಗೊಳ್ಳಿ. ನನ್ನ ಕೈ ಸೋತಿದೆ."

ಆರು ದಿನದಲ್ಲಿ ಅವನಿಗೆ ಅಂತ ಆಡಿದ ಮೊದಲ ಮಾತು. ಗಂಗಾಧರ ಬಕೆಟ್ಟು ಇಟ್ಟು ಯಂತ್ರ ಹಿಡಿದ. ಇದು ಕ್ಷಮೆಯೋ, ಶಿಕ್ಷೆಯ ಮುಂದಿನ ಕಂತೋ? ತಡೆಯಲಾರದೆ ಕೇಳಿಯೇಬಿಟ್ಟ.

"ಕೋಪ ಹೋಯ್ತಾ?"

"ಇಲ್ಲ," ಅಂದಳು ಕಾಂಚನಾ, ಕೈಗುದ್ದಲಿ ಎತ್ತಿಕೊಳ್ಳುತ್ತ. "ಎಡಗಡೆಯಿಂದ ಶುರು ಮಾಡಿ. ಕೀಲಿ ಕೊಡೋಕೆ ಇನ್ನೂ ಒಂದು ವಾರ ಇದೆ."