ಕೈಕಟ್ಟಿ ನಿಂತವಳಿಗೆ ಮೂರನೇ ಗೀಟು

ಗಾರ್ಮೆಂಟ್ಸಿನ ಹೊಲಿಗೆ ಹಾಲ್‌ನಲ್ಲಿ, ಕುಡಿಯುವ ನೀರಿನ ಪಕ್ಕ, ಒಂದು ಬಣ್ಣದ ಚಾರ್ಟು ಅಂಟಿಸಿದ್ದರು. ಕೈಕಟ್ಟಿ ನಿಂತವರ ಚಿತ್ರದ ಕೆಳಗೆ 'ಮಾತು ಕೇಳದವರು' ಎಂದು ಬರೆದಿತ್ತು. ಕಣ್ಣು ತಪ್ಪಿಸುವವರು 'ಏನೋ ಮುಚ್ಚಿಡುವವರು'. ಹುಬ್ಬು ಗಂಟಿಕ್ಕಿ ಹಲ್ಲು ಕಚ್ಚುವವರು 'ಜಗಳಗಂಟರು'. ಕಾಲು ಅಲ್ಲಾಡಿಸುವವರು 'ಕೆಲಸದ ಮೇಲೆ ಮನಸ್ಸಿಲ್ಲದವರು'. ತರಬೇತಿ ಕೊಡಲು ಬಂದವನೊಬ್ಬ ಅರ್ಧ ದಿನ ಮಾತಾಡಿ, ಮನುಷ್ಯರನ್ನು ಓದುವುದು ಇಷ್ಟು ಸುಲಭ ಎಂದು ಹೇಳಿ ಹೋಗಿದ್ದ. ಅವನಿಗೇನು, ಹೇಳಿದ, ಹೋದ. ಅನುಭವಿಸುವವರು ಇಲ್ಲಿ ಉಳಿದರು.

ಮರುದಿನವೇ ಪ್ರತಿ ಸೂಪರ್‌ವೈಸರ್ ಕೈಗೂ ಒಂದು ಹಾಳೆ ಬಂತು. ಚಾರ್ಟಿನಲ್ಲಿರುವ ಹಾಗೆ ಯಾರಾದರೂ ಕಂಡರೆ ಅವರ ಹೆಸರಿನ ಮುಂದೆ ಒಂದು ಕೆಂಪು ಗೀಟು. ಮೂರು ಗೀಟು ಬಿದ್ದರೆ ಕೆಲಸ ಹೋಯಿತು.

ಮೂರನೇ ಲೈನಿನ ಸೂಪರ್‌ವೈಸರನ್ನು ಎಲ್ಲರೂ ಗಡಿಬಿಡಿ ಅಕ್ಕ ಎಂದು ಕರೆಯುತ್ತಿದ್ದರು. ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಊಟ ಮುಗಿಸುವವಳು ಎಂದು ಬೆನ್ನ ಹಿಂದೆ ತಮಾಷೆ ಮಾಡುತ್ತಿದ್ದರು. ಅವಳಿಗೆ ಆ ಚಾರ್ಟು ಬಹಳ ಹಿಡಿಸಿತು. ಅವಳ ಲೈನಿನಲ್ಲಿ ಶರ್ಟಿಗೆ ತೋಳು ಕೂರಿಸುವ ಹೆಂಗಸೊಬ್ಬಳಿದ್ದಳು, ಎಲ್ಲರ ಬಾಯಲ್ಲೂ ತೋಳಿನವಳು. ಕರೆದರೆ ಸಾಕು, ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನೆಲ ನೋಡುತ್ತಾ ನಿಲ್ಲುತ್ತಿದ್ದಳು. ಒಂದೇ ವಾರದಲ್ಲಿ ಅವಳಿಗೆ ಎರಡು ಗೀಟು ಬಿದ್ದವು. ಮೂರನೆಯದನ್ನು ಹಾಕಿ ಸಂಜೆಯೊಳಗೆ ಹಾಳೆ ಕೊಡಬೇಕು ಎಂದು ಮ್ಯಾನೇಜರ್ ಹೇಳಿಕಳಿಸಿದ್ದ.

ಅವತ್ತೇ ಗಡಿಬಿಡಿ ಅಕ್ಕನಿಗೆ ದವಡೆ ನೋವು ಶುರುವಾಯಿತು. ಕಾರ್ಖಾನೆಯ ನರ್ಸಮ್ಮನ ಕೋಣೆಗೆ ಓಡಿದಳು.

"ಸಿಸ್ಟರ್, ಹಲ್ಲು ನೋವಿಗೆ ಒಂದು ಮಾತ್ರೆ ಕೊಡಿ. ಬೇಗ. ಲೈನ್ ಬಿಟ್ಟು ಬಂದಿದೀನಿ."

ನರ್ಸಮ್ಮ ತಲೆ ನರೆತ ಹೆಂಗಸು, ನಿಧಾನಸ್ಥೆ. ಬಾಯಿ ತೆರೆಸಿ ಟಾರ್ಚು ಹಾಕಿ ನೋಡಿದಳು.

"ಹುಳುಕೇನೂ ಕಾಣ್ತಿಲ್ಲ. ಹಲ್ಲು ಸವೆದಿದೆ. ಕಡೀತೀಯಾ?"

"ಮನೆಯವರೂ ಅದನ್ನೇ ಅಂತಾರೆ. ನಿದ್ದೇಲೂ ಗಾಣ ತಿರುಗಿಸ್ತೀಯ ಅಂತ."

"ಈಗಲೂ ಕಡೀತಿದೀಯ. ಹುಬ್ಬು ನೋಡು, ಗಂಟು ಬಿದ್ದಿದೆ. ಆ ಚಾರ್ಟಿನ ಪ್ರಕಾರ ನೀನು ಜಗಳಗಂಟಿ. ಗೀಟು ಹಾಕ್ಲಾ?"

ಗಡಿಬಿಡಿ ಅಕ್ಕನಿಗೆ ಮೈಯೆಲ್ಲಾ ಉರಿದುಹೋಯಿತು. "ನಾನಾ? ನಾನು ಜಗಳಗಂಟೀನಾ? ಗಂಟೆಗೆ ಎಪ್ಪತ್ತು ಪೀಸು ಇದ್ದಿದ್ದನ್ನ ತೊಂಬತ್ತು ಮಾಡಿದಾರೆ. ಮೇಲಿನೋರು ಬಯ್ತಾರೆ, ಕೆಳಗಿನೋರು ಶಪಿಸ್ತಾರೆ. ಮಧ್ಯೆ ಅಡಕತ್ತರಿಯಲ್ಲಿ ಸಿಕ್ಕ ಅಡಕೆ ಥರ ಇದೀನಿ. ಮೂರು ವಾರ ಆಯ್ತು ಸರಿಯಾಗಿ ನಿದ್ದೆ ಮಾಡಿ. ಇದೆಲ್ಲಾ ಕೇಳದೆ ಜಗಳಗಂಟಿ ಅಂತ ಹಣೆಪಟ್ಟಿ ಕಟ್ಟೋಕೆ ನೀವ್ಯಾರು?"

"ಸರಿಯಾಗಿ ಕೇಳಿದೆ. ನಿನ್ನ ಹಲ್ಲಿಗೆ ಇಷ್ಟೆಲ್ಲಾ ಕಾರಣ ಇದೆ. ಎರಡು ಗೀಟು ಬಿದ್ದಿರೋ ಆ ತೋಳಿನವಳ ಕೈಗೆ ಒಂದೂ ಇಲ್ವಾ?"

"ಅವಳದ್ದು ಸೊಕ್ಕು, ಸಿಸ್ಟರ್. ಕೈಕಟ್ಟಿ ನಿಲ್ತಾಳೆ."

"ಶಾಲೇಲಿ ಮೇಷ್ಟ್ರು ನಿಂಗೆ ಏನಂತ ಹೇಳ್ತಿದ್ರು?"

"ಕೈಕಟ್ಟು, ಬಾಯ್ಮುಚ್ಚು ಅಂತ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

"ಅಲ್ಲಿ ಕೈಕಟ್ಟಿದ್ರೆ ವಿಧೇಯತೆ, ಇಲ್ಲಿ ಕಟ್ಟಿದ್ರೆ ಸೊಕ್ಕು. ಯಾವ ನ್ಯಾಯ ಇದು? ಭಂಗಿ ಒಂದನ್ನೇ ನೋಡಿ ತೀರ್ಪು ಕೊಡಬಾರದು ಕಣೇ. ಬದಲಾವಣೆ ನೋಡು. ಆರು ವರ್ಷದಿಂದ ಗುನುಗ್ತಾ ಹೊಲೀತಿದ್ದೋಳು ಯಾವಾಗಿಂದ ಸುಮ್ಮನಾದಳು? ಭುಜ ಯಾವಾಗಿಂದ ಕಿವಿಗೆ ಅಂಟ್ಕೊಂಡಿದೆ? ಮೈ ಬದಲಾಯ್ತು ಅಂದ್ರೆ ಒಳಗೇನೋ ಆಗಿದೆ ಅಂತ ಅರ್ಥ. ಏನು ಅಂತ ಚಾರ್ಟು ಹೇಳಲ್ಲ. ಹೋಗಿ ಕೇಳ್ಬೇಕು. ನಿಂತು ಗದರಿಸ್ಬೇಡ, ಪಕ್ಕ ಕೂತು ಕೇಳು."

"ಕೂತ್ಕೊಂಡ್ರೆ ತಲೆ ಮೇಲೆ ಹತ್ತಿ ಕೂರ್ತಾರೆ," ಎಂದು ಗೊಣಗುತ್ತಲೇ ಅವಳು ಹೊರಟಳು.

ಆದರೂ ಲೈನಿಗೆ ಬಂದವಳು ಸ್ಟೂಲು ಎಳೆದುಕೊಂಡು ತೋಳಿನವಳ ಪಕ್ಕ ಕೂತಳು. ಅಕ್ಕಪಕ್ಕದ ಮೆಷಿನ್ನುಗಳು ಗಕ್ಕನೆ ನಿಂತವು. ಸೂಪರ್‌ವೈಸರ್ ಕೂತಿದ್ದನ್ನು ಆ ಹಾಲ್‌ನಲ್ಲಿ ಯಾರೂ ನೋಡಿರಲಿಲ್ಲ.

"ಏನಾಗಿದೆಯಮ್ಮ ನಿಂಗೆ?"

"ಏನಿಲ್ಲ ಅಕ್ಕ." ಕೈಗಳು ಆಗಲೇ ಕಂಕುಳು ಸೇರಿದ್ದವು.

"ಗೀಟು ಹಾಕೋಕೆ ಬಂದಿಲ್ಲ. ಹೇಳು."

ಅವಳು ಮೆಲ್ಲಗೆ ಕೈ ಹೊರತೆಗೆದು ತೊಡೆಯ ಮೇಲಿಟ್ಟಳು. ಹತ್ತೂ ಬೆರಳು ನಡುಗುತ್ತಿದ್ದವು.

"ಹೋದ ತಿಂಗಳು ಉಗುರಿನೊಳಗೆ ಸೂಜಿ ಹೋಯ್ತಲ್ಲ ಅಕ್ಕ. ಅವತ್ತಿಂದ ಪೆಡಲ್ ಒತ್ತಿದ್ರೆ ಸಾಕು, ಹೀಗೆ. ಎದ್ದು ಬಂದ್ರೂ ನಿಲ್ಲಲ್ಲ. ನಡುಗೋದು ಕಂಡ್ರೆ ಕೆಲಸಕ್ಕೆ ಬಾರದವಳು ಅಂತ ಕಳಿಸ್ಬಿಡ್ತೀರಿ ಅಂತ ಮುಚ್ಕೋತಿದ್ದೆ. ಮನೇಲಿ ನಾನೊಬ್ಬಳೇ ಅಕ್ಕ ದುಡಿಯೋಳು."

"ಸೂಜಿ ಮುಂದೆ ಬೆರಳು ಹೋಗದ ಹಾಗೆ ಗಾರ್ಡು ಇರುತ್ತಲ್ಲ, ಹೇಗೆ ಹೋಯ್ತು?"

ತೋಳಿನವಳು ತಲೆ ಎತ್ತಿದಳು. ಆ ವಾರದಲ್ಲಿ ಮೊದಲ ಸಲ ಕಣ್ಣಿಗೆ ಕಣ್ಣು ಕೊಟ್ಟಳು.

"ದಾರ ಪೋಣಿಸೋಕೆ ತಡ ಆಗುತ್ತೆ ಅಂತ ನೀವೇ ಬಿಚ್ಚಿಸಿದ್ರಲ್ಲಕ್ಕ."

ಗಡಿಬಿಡಿ ಅಕ್ಕನಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಹೌದು, ತೊಂಬತ್ತು ಪೀಸಿಗೋಸ್ಕರ ಲೈನಿನ ಎಲ್ಲ ಗಾರ್ಡುಗಳನ್ನೂ ಅವಳೇ ಬಿಚ್ಚಿಸಿದ್ದಳು. ಗಾಯವಾದ ದಿನ ಪಟ್ಟಿ ಕಟ್ಟಿಸಿ, ಹತ್ತು ನಿಮಿಷದಲ್ಲಿ ಸೀಟಿಗೆ ಬಾ ಎಂದವಳೂ ಅವಳೇ. ಸೂಜಿಗೆ ಕೈ ಕೊಡಿಸಿದ್ದಲ್ಲದೆ, ಆ ಕೈ ಬಚ್ಚಿಟ್ಟಿದ್ದಕ್ಕೆ ಗೀಟು ಬೇರೆ ಹಾಕಿದ್ದಳು! ಥೂ, ಇಂಥ ಕೆಲಸ ಮಾಡಿದೆನಲ್ಲ ಎಂದು ತನ್ನ ಮೇಲೇ ಅಸಹ್ಯವಾಯಿತು. ಹಾಳೆ ಹಿಡಿದು ನೇರ ಮ್ಯಾನೇಜರ್ ಕೋಣೆಗೆ ನಡೆದಳು.

"ಮೂರನೇ ಗೀಟು ಎಲ್ಲಿದೆಯಮ್ಮ?" ಎಂದ ಮ್ಯಾನೇಜರ್.

"ಹಾಕಲ್ಲ ಸಾರ್. ಅದು ಸೊಕ್ಕಲ್ಲ, ಹೆದರಿಕೆ. ಅದಕ್ಕೆ ಕಾರಣ ನಾನು. ಎಲ್ಲಾ ಮೆಷಿನ್ನಿಗೂ ಗಾರ್ಡು ವಾಪಸ್ ಹಾಕಿಸ್ತೀನಿ. ಅವಳ ಕೈ ಹಿಡಿತಕ್ಕೆ ಬರೋವರೆಗೂ ಬಟ್ಟೆ ಮಡಚೋ ಕಡೆ ಕೂರಿಸ್ತೀನಿ. ತೊಂಬತ್ತು ಪೀಸು ಆಗಲ್ಲ."

"ಹಾಗಾದ್ರೆ ಗೀಟು ನಿನ್ನ ಹೆಸರಿನ ಮುಂದೆ ಬೀಳುತ್ತೆ."

ಮಾತು ಗಟ್ಟಿಯಾಗಿಯೇ ಇತ್ತು. ಆದರೆ ಮೇಜಿನ ಮೇಲಿನ ಲೋಟದ ನೀರು ಅಲುಗುತ್ತಿತ್ತು. ಅವನ ಮಂಡಿ ಮೇಜಿನ ಕಾಲಿಗೆ ಬಡಿಯುತ್ತಲೇ ಇತ್ತು. ಅವನು ಹೆಬ್ಬೆರಳಿನ ಪಕ್ಕದ ಚರ್ಮವನ್ನು ರಕ್ತ ಬರುವ ಹಾಗೆ ಕಿತ್ತುಕೊಂಡಿದ್ದ. ದಿನಾ ನೋಡುತ್ತಿದ್ದರೂ ಗಡಿಬಿಡಿ ಅಕ್ಕನಿಗೆ ಅದೆಲ್ಲ ಅವತ್ತೇ ಕಂಡಿತು.

"ಹಾಕಿ ಸಾರ್. ಆದ್ರೆ ಒಂದು ಮಾತು. ಕಾಲು ಅಲ್ಲಾಡಿಸೋರಿಗೆ ಕೆಲಸದ ಮೇಲೆ ಮನಸ್ಸಿಲ್ಲ ಅಂತ ಇದೆ ಆ ಚಾರ್ಟಲ್ಲಿ. ನಿಮಗೆ ಯಾರು ಹಾಕ್ತಾರೆ ಗೀಟು?"

ಮಂಡಿ ತಟ್ಟನೆ ನಿಂತಿತು. ಅವನ ಮುಖ ಕೆಂಪಾಯಿತು. ಇನ್ನೇನು ಕಿರುಚುತ್ತಾನೆ ಎಂದುಕೊಂಡಳು. ಅವನು ಕಿರುಚಲಿಲ್ಲ.

"ಹೆಡ್ಡಾಫೀಸಿಂದ ದಿನಕ್ಕೆ ಎಂಟು ಸಲ ಫೋನ್ ಮಾಡ್ತಾರಮ್ಮ. ಫೋನ್ ಸದ್ದಾದ್ರೆ ಎದೆ ಡವಡವ ಅನ್ನುತ್ತೆ. ಮನೇಲೂ ಹೇಳಿಲ್ಲ," ಎಂದ. ಲೋಟವನ್ನು ಪಕ್ಕಕ್ಕೆ ಸರಿಸಿ, "ಚಾರ್ಟು ತೆಗೆಸೋಕೆ ನನಗೆ ಅಧಿಕಾರ ಇಲ್ಲ," ಎಂದ.

"ಗೀಟು ಹಾಕೋಕೆ ನನಗೂ ಕೈ ಬರಲ್ಲ ಸಾರ್. ಇಬ್ಬರೂ ಸೇರಿ ಮೇಲಿನೋರಿಗೆ ಬರೆಯೋಣ. ಮೊದಲು ನೀವು ನರ್ಸಮ್ಮನ ಹತ್ರ ಎದೆ ತೋರಿಸ್ಕೊಳ್ಳಿ."

ಹಾಳೆ ಅವತ್ತು ಮೇಲೆ ಹೋಗಲಿಲ್ಲ. ಹೋಗಿದ್ದು ಒಂದು ಪತ್ರ: ತೊಂಬತ್ತು ಪೀಸಿನ ಲೆಕ್ಕ ಇಲ್ಲಿ ಮನುಷ್ಯರ ಬೆರಳು ತಿನ್ನುತ್ತಿದೆ. ಉತ್ತರ ಇನ್ನೂ ಬಂದಿಲ್ಲ. ತೋಳಿನವಳ ಕೆಲಸ ಮಾತ್ರ ಉಳಿದಿದೆ.

ಓದುವವರೇ, ಕೇಳುವವರೇ, ನಿಮ್ಮ ಜೊತೆ ದುಡಿಯುವವರನ್ನು ಇವತ್ತೊಮ್ಮೆ ಸರಿಯಾಗಿ ನೋಡಿ. ನಗುತ್ತಿದ್ದವರು ಮೌನವಾದರೆ, ಉಗುರು ಕಚ್ಚಿದರೆ, ಭುಜ ಬಿಗಿದರೆ, ಕೈ ಬಚ್ಚಿಟ್ಟರೆ, ಅದನ್ನು ಸೋಮಾರಿತನ, ಸೊಕ್ಕು ಎಂದು ಬರೆದುಕೊಳ್ಳಬೇಡಿ. ಒಬ್ಬರೇ ಇರುವಾಗ ಹತ್ತಿರ ಕೂತು ಕೇಳಿ. ಏನಿಲ್ಲ ಎಂದರೆ ನಾಳೆ ಮತ್ತೆ ಕೇಳಿ. ನಿದ್ದೆ ಬಾರದಿದ್ದರೆ, ನಡುಕ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. ನೀವು ಮೇಲಧಿಕಾರಿಯಾಗಿದ್ದರೆ ನಿಮ್ಮ ಸಂಕಟವನ್ನೂ ಯಾರಿಗಾದರೂ ಹೇಳಿಕೊಳ್ಳಿ. ನುಂಗಿಕೊಂಡರೆ ಅದು ಕೆಳಗಿನವರ ಮೇಲೇ ಬೀಳುತ್ತದೆ. ನೋವಿದೆ ಎಂದಷ್ಟೇ ಮೈ ಹೇಳಬಲ್ಲದು. ಯಾಕೆ ಎಂದು ಹೇಳಲು ಬಾಯೇ ಬೇಕು. ಆ ಬಾಯಿ ತೆರೆದವರ ಕೆಲಸ ಕಳೆಯುವ ಹಾಗಿದ್ದರೆ, ನಮಗೆ ಮನುಷ್ಯರನ್ನು ಓದುವ ವಿದ್ಯೆ ಯಾಕೆ ಬೇಕು ಹೇಳಿ!